ಗುಣವೋ ದೋಷವೋ: ಹಳೆಯ ಕಾಸ್ಟ್ ಐರನ್ ಬುಲೆಟ್ಟಿನ ಮೊದಲ ಪರಿಚಯದ ಬಗ್ಗೆ ಒಂದು ಟಿಪ್ಪಣಿ

ದೂರದ ಓಡಾಟಕ್ಕೆಂದು ಹಳೆಯ ಮೋಟಾರ್ ಸೈಕಲ್ ಕೊಂಡವರಿಗೆ ಮೊದಲ ತಿಂಗಳಲ್ಲೇ ಹತ್ತಾರು ಅನುಮಾನಗಳು ಏಳುತ್ತವೆ. ಗಾಡಿ ನಿಂತಲ್ಲಿ ಎಣ್ಣೆ ತೊಟ್ಟಿಕ್ಕುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬರುತ್ತದೆ. ಬಲಗಡೆಯಿಂದ ಟಿಕ್ ಟಿಕ್ ಶಬ್ದ, ಹ್ಯಾಂಡಲಿನಲ್ಲಿ ನಡುಕ. ಇವುಗಳಲ್ಲಿ ಯಾವುದು ಆ ಯಂತ್ರದ ಹುಟ್ಟುಗುಣ, ಯಾವುದು ವಯಸ್ಸಿನ ಸವೆತ, ಯಾವುದು ಹಿಂದಿನವರ ಕೈ ಮಾಡಿದ ಕೆಲಸ ಎಂದು ಬೇರ್ಪಡಿಸುವುದೇ ಪರಿಚಯದ ಮೊದಲ ಹೆಜ್ಜೆ. ಹಾಗೆ ಬೇರ್ಪಡಿಸುವ ಮೊದಲು ಸ್ಪ್ಯಾನರ್ ಎತ್ತಬಾರದು ಎಂಬುದು ಈ ಟಿಪ್ಪಣಿಯ ವಾದ.

ನಮ್ಮಲ್ಲಿ ಎರಡು ತಪ್ಪುಗಳು ಒಟ್ಟೊಟ್ಟಿಗೆ ನಡೆಯುತ್ತಿವೆ. ಸರಿಪಡಿಸಬಹುದಾದ ದೋಷವನ್ನು ಗಾಡಿಯ ಗುಣವೆಂದು ಒಪ್ಪಿಕೊಳ್ಳುವುದು ಒಂದು. ಗಾಡಿಯ ಗುಣವನ್ನೇ ದೋಷವೆಂದು ತಿಳಿದು ರಿಪೇರಿ ಮಾಡಿ ಕೆಡಿಸುವುದು ಇನ್ನೊಂದು. ಕಾಸ್ಟ್ ಐರನ್ ಬುಲೆಟ್ 350ರಷ್ಟು ಈ ಎರಡೂ ತಪ್ಪುಗಳಿಗೆ ಗುರಿಯಾದ ಗಾಡಿ ನಮ್ಮ ರಸ್ತೆಗಳಲ್ಲಿ ಬೇರೊಂದಿಲ್ಲ. ನಾನು ಗಮನಿಸಿದ್ದು 1990ರ ದಶಕದ ಆರಂಭದ ಒಂದು ಗಾಡಿಯನ್ನು. ಬಲಗಾಲಿನ ಗೇರ್, ಪಾಯಿಂಟ್ ಇಗ್ನಿಷನ್, ಎರಡೂ ಕಡೆ ಡ್ರಮ್ ಬ್ರೇಕ್. ಹಲವು ಕೈ ದಾಟಿ ನನ್ನಲ್ಲಿಗೆ ಬಂದದ್ದು.

ಮೊದಲು ವಂಶಾವಳಿ. ಬುಲೆಟ್ ಎಂಬ ಹೆಸರನ್ನು ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆ 1932ರಲ್ಲೇ ಬಳಸಿತ್ತು. ಆದರೆ ನಾವು ಬಲ್ಲ ಬುಲೆಟ್ಟಿನ ವಿನ್ಯಾಸ 1940ರ ದಶಕದ ಕೊನೆಯದು. ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಸಸ್ಪೆನ್ಷನ್, ಅಲ್ಯೂಮಿನಿಯಂ ಹೆಡ್, ಅದರ ಕೆಳಗೆ ಎರಕದ ಕಬ್ಬಿಣದ ಬ್ಯಾರಲ್. 1950ರ ದಶಕದ ನಡುವೆ ಭಾರತ ಸರ್ಕಾರ ಸೇನೆಗಾಗಿ 350 ಸಿಸಿಯ 800 ಗಾಡಿಗಳನ್ನು ತರಿಸಲು ಹೇಳಿತು. ಆ ಬೇಡಿಕೆಯ ಬೆನ್ನಿಗೆ 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು, ಮದ್ರಾಸ್ ಬಳಿಯ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಬಂತು. ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು. ಇಂಗ್ಲೆಂಡಿನಲ್ಲಿ ಉಳಿದಿದ್ದ ಬ್ರಾಡ್‌ಫರ್ಡ್ ಆನ್ ಏವನ್ ಘಟಕವೂ 1970ಕ್ಕೆ ನಿಂತಿತು. ಮದ್ರಾಸಿನಲ್ಲಿ ಮಾತ್ರ ಅದೇ ಎಂಜಿನ್ನಿನ ವಂಶ ಈ ಶತಮಾನದ ಮೊದಲ ದಶಕದವರೆಗೂ ನಡೆದು ಬಂತು.

ಈ ಇತಿಹಾಸ ಅಲಂಕಾರಕ್ಕೆ ಹೇಳಿದ್ದಲ್ಲ. ಆರ್‌ಸಿ ಪುಸ್ತಕದಲ್ಲಿ ತಯಾರಿಕೆಯ ವರ್ಷ ಯಾವುದೇ ಇರಲಿ, ವಿನ್ಯಾಸ ಮಾತ್ರ 1940ರ ದಶಕದ ಕೊನೆಯದೇ. 1992ರ ಗಾಡಿ ಎಂದು ತಿಳಿದು 1992ರ ಜಪಾನಿ ಗಾಡಿಯ ಪಕ್ಕಕ್ಕಿಟ್ಟು ಅಳೆದರೆ ಎಲ್ಲವೂ ದೋಷವಾಗಿ ಕಾಣುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರ ಎಂಜಿನಿಯರರು ಯಾವ ವೇಗಕ್ಕೆ, ಯಾವ ಎಣ್ಣೆಗೆ, ಎಂಥ ಸವಾರನಿಗೆ ಇದನ್ನು ಮಾಡಿದರು ಎಂದು ಕೇಳಿದಾಗಲೇ ಗುಣ ಯಾವುದೆಂದು ತಿಳಿಯುವುದು.

ವೇಗದ ಪ್ರಶ್ನೆಗೆ ಉತ್ತರ ಎರಡು ಅಳತೆಗಳಲ್ಲೇ ಇದೆ. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿಸಿ. ಕಂಪನಿ ಹೇಳುವ ಶಕ್ತಿ 5625 ಆರ್‌ಪಿಎಂನಲ್ಲಿ 18 ಅಶ್ವಶಕ್ತಿ. ಪಿಸ್ಟನ್ ಒಂದು ಸುತ್ತಿಗೆ 180 ಮಿ.ಮೀ. ಓಡುತ್ತದೆ. 3000 ಆರ್‌ಪಿಎಂನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 9 ಮೀಟರ್. 5625ಕ್ಕೆ ಏರಿಸಿದರೆ ಸುಮಾರು 16.9 ಮೀಟರ್. ಪ್ರತಿ ತುದಿಯಲ್ಲೂ ಪಿಸ್ಟನ್ ನಿಂತು ಹಿಂದಿರುಗಬೇಕು. ಆ ಹೊಡೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಸುತ್ತು ಎರಡರಷ್ಟೂ ಆಗುವ ಮೊದಲೇ ಕನೆಕ್ಟಿಂಗ್ ರಾಡಿನ ಮೇಲಿನ ಹೊರೆ ಮೂರೂವರೆ ಪಟ್ಟಾಗಿರುತ್ತದೆ. ಇದನ್ನೆಲ್ಲ ಹೊರುವ ರಾಡಿನ ಕೆಳತುದಿಯಲ್ಲಿ, ಅಂದರೆ ಬಿಗ್ ಎಂಡಿನಲ್ಲಿ, ರೋಲರ್ ಬೇರಿಂಗ್ ಇಲ್ಲ, ತೇಲುವ ಬುಷ್ ಇದೆ. ಎಣ್ಣೆ ಸದಾ ಸಿಗುವವರೆಗೆ ಅದು ಬಹುಕಾಲ ಬಾಳುತ್ತದೆ. ಹಾಗಾಗಿ ಈ ಗಾಡಿಯಲ್ಲಿ ಪ್ರವಾಸವೆಂದರೆ ಗಂಟೆಗೆ 60-65 ಕಿ.ಮೀ. ವೇಗದಲ್ಲಿ ದಿನವಿಡೀ ಸಾಗುವುದು. ಭಾರದ ಫ್ಲೈವೀಲ್ ಒಮ್ಮೆ ತಿರುಗಿತೆಂದರೆ ಸಣ್ಣ ಏರುಗಳು ಗೊತ್ತೇ ಆಗುವುದಿಲ್ಲ. ನಾಲ್ಕನೇ ಗೇರಿನಲ್ಲೇ ಹಳ್ಳಿ ದಾಟಬಹುದು. ಹೈವೇಯಲ್ಲಿ ತೊಂಬತ್ತಕ್ಕೆ ಏರಿಸಿದಾಗ ಹ್ಯಾಂಡಲ್ ನಡುಗುವುದು ಗುಣ. ಐವತ್ತರಲ್ಲೇ ನಡುಗಿದರೆ ಅದು ದೋಷ. ಆಗ ಮೊದಲು ನೋಡಬೇಕಾದ್ದು ಸಿಲಿಂಡರ್ ಹೆಡ್ಡನ್ನು ಫ್ರೇಮಿಗೆ ಕಟ್ಟುವ ಚಿಕ್ಕ ಪಟ್ಟಿಯನ್ನು. ಹೆಡ್ ಬಿಚ್ಚಿದವರು ಅದನ್ನು ಮರಳಿ ಹಾಕಲು ಮರೆಯುವುದು, ಸಡಿಲ ಬಿಡುವುದು ಸಾಮಾನ್ಯ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಮಾಲೀಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30, ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಫಾರಂ 25, ಹೊರ ರಾಜ್ಯದ ಗಾಡಿಯಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ. ದುಡ್ಡು ಕೊಡುವ ಮೊದಲೇ ಎಂಜಿನ್ ನಂಬರ್ ಮತ್ತು ಚಾಸಿಸ್ ನಂಬರನ್ನು ಆರ್‌ಸಿಗೆ ಹೋಲಿಸಿ ನೋಡಬೇಕು. ಬಣ್ಣ ಬಳಿದು ಮುಚ್ಚಿದ್ದರೆ ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿಯೇ ಓದಬೇಕು. ಬಿಡಿಭಾಗಗಳು ಇಷ್ಟು ದಶಕ ಒಂದಕ್ಕೊಂದು ಹೊಂದುತ್ತ ಬಂದ ಕಾರಣ ಬುಲೆಟ್ಟುಗಳಲ್ಲಿ ಎಂಜಿನ್ ಬದಲಾವಣೆ ಸುಲಭ. ಸೇನೆಯ ಹರಾಜಿನಿಂದ ಬಂದ ಗಾಡಿಗಳೂ ಚಲಾವಣೆಯಲ್ಲಿರುವುದರಿಂದ ನಂಬರ್ ಹೊಂದದಿರುವ ಸಾಧ್ಯತೆ ಇದ್ದೇ ಇದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಬೇಕು. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೇಲಿನ ಅಚ್ಚು ಚೆನ್ನಾಗಿದೆ ಎಂದ ಮಾತ್ರಕ್ಕೆ ಹತ್ತು ವರ್ಷದ ರಬ್ಬರನ್ನು ನಂಬಿ ದೂರ ಹೋಗಬಾರದು.

ಸ್ಟಾರ್ಟ್ ಮಾಡುವ ಕ್ರಮದಲ್ಲಿ ಈ ಗಾಡಿ ತನ್ನ ಬಗ್ಗೆ ತಾನೇ ಬಹಳಷ್ಟು ಹೇಳುತ್ತದೆ. ಹಾಗಾಗಿ ಅದನ್ನು ಹತ್ತಿರದಿಂದ ನೋಡೋಣ. ಕೀ ತಿರುಗಿಸಿ ಕಿಕ್ಕರನ್ನು ಕಾಲಿನಿಂದ ನಿಧಾನವಾಗಿ ಒತ್ತಿದಾಗ ಹೆಡ್‌ಲೈಟಿನ ಮೇಲಿನ ಆಂಪಿಯರ್ ಮೀಟರಿನ ಮುಳ್ಳು ಡಿಸ್‌ಚಾರ್ಜ್ ಕಡೆಗೆ ವಾಲಿರುತ್ತದೆ. ಪಾಯಿಂಟ್ ಕೂಡಿಕೊಂಡಿದೆ, ಕಾಯಿಲ್‌ಗೆ ಕರೆಂಟ್ ಹರಿಯುತ್ತಿದೆ ಎಂದು ಅರ್ಥ. ಮುಂದೆ ಒಂದೆಡೆ ಕಿಕ್ಕರ್ ಗಟ್ಟಿಯಾಗಿ ತಡೆಯುತ್ತದೆ, ಅದು ಕಂಪ್ರೆಷನ್. ಆ ಒತ್ತಡ ಬಿಡಿಸುವ ಎಡಗೈಯ ಡಿಕಂಪ್ರೆಸರ್ ಲಿವರ್ ಎಳೆದು ಹಿಡಿದು ಇನ್ನೂ ಸ್ವಲ್ಪ ಒತ್ತಿದರೆ ಮುಳ್ಳು ಥಟ್ಟನೆ ನಡುವಿಗೆ ಬರುತ್ತದೆ. ಪಾಯಿಂಟ್ ಬಿಡಿಸಿಕೊಂಡಿದೆ, ಪಿಸ್ಟನ್ ಮೇಲಿನ ತುದಿಯ ಬಳಿ ಬಂದಿದೆ. ಅಲ್ಲಿಂದ ತುಸು ದಾಟಿಸಿ ಲಿವರ್ ಬಿಟ್ಟು, ಕಿಕ್ಕರನ್ನು ಮೇಲಕ್ಕೆ ಬರಲು ಬಿಟ್ಟು, ಮೈಭಾರ ಹಾಕಿ ಕೊನೆಯವರೆಗೂ ತುಳಿಯಬೇಕು. ಆಗ ಮುಂದಿನ ಕಂಪ್ರೆಷನ್ ತಲುಪುವ ಹೊತ್ತಿಗೆ ಫ್ಲೈವೀಲಿಗೆ ಬೇಕಾದ ವೇಗ ಬಂದಿರುತ್ತದೆ. ಹೀಗೆ ಮಾಡದೆ ದಡದಡ ತುಳಿದು ಕಾಲು ನೋಯಿಸಿಕೊಂಡವರೇ ಬುಲೆಟ್ ಒದೆಯುತ್ತದೆ ಎಂಬ ಮಾತನ್ನು ಹಬ್ಬಿಸಿದ್ದಾರೆ.

ಗಮನವಿಟ್ಟರೆ ಇದೇ ಕ್ರಮ ತಪಾಸಣೆಯೂ ಆಗುತ್ತದೆ. ಕಿಕ್ಕರ್ ಎಷ್ಟು ತಿರುಗಿಸಿದರೂ ಮುಳ್ಳು ಅಲ್ಲಾಡದಿದ್ದರೆ ಪಾಯಿಂಟ್ ಕೂಡುತ್ತಿಲ್ಲ ಅಥವಾ ವೈರ್ ಕಡಿದಿದೆ. ಮುಳ್ಳು ನಡುವಿಗೆ ಬರುವುದು ಕಿಕ್ಕರ್ ಗಟ್ಟಿಯಾಗುವುದಕ್ಕಿಂತ ಬಹಳ ಮೊದಲೇ ಆದರೆ ಟೈಮಿಂಗ್ ಮುಂದಿದೆ, ಒದೆಯುವುದು ಆಗ ನಿಜವೇ ಆಗುತ್ತದೆ. ಡಿಕಂಪ್ರೆಸರ್ ಎಳೆಯದೆ ಕಿಕ್ಕರಿನ ಮೇಲೆ ನಿಂತರೆ ಅದು ಕೆಲ ಕ್ಷಣ ಹೊತ್ತು ನಿಲ್ಲಬೇಕು. ಕೂಡಲೇ ಕುಸಿದರೆ ರಿಂಗ್ ಅಥವಾ ವಾಲ್ವ್ ಸೋರುತ್ತಿದೆ. ಪಾಯಿಂಟಿನ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ನನ್ನ ಗಾಡಿಯಲ್ಲಿ 0.40ರ ಗೇಜ್ ಒಳಗೇ ಹೋಗಲಿಲ್ಲ. ಪಾಯಿಂಟಿನ ಒಂದು ಮುಖದಲ್ಲಿ ಸಣ್ಣ ಗುಳಿ, ಎದುರು ಮುಖದಲ್ಲಿ ಅದಕ್ಕೆ ಸರಿಯಾದ ಗುಡ್ಡೆ ಎದ್ದಿತ್ತು. ಉಜ್ಜಿದ ಗುರುತೂ ಇತ್ತು. ಅಂದರೆ ಯಾರೋ ಗುಡ್ಡೆಯನ್ನು ಉಪ್ಪುಕಾಗದದಿಂದ ಉಜ್ಜಿ ಓಡಿಸುತ್ತಿದ್ದರು, ಸುಟ್ಟುಹೋಗುವುದಕ್ಕೆ ಮೂಲವಾದ ಕಂಡೆನ್ಸರ್ ಮಾತ್ರ ಹಾಗೇ ಉಳಿದಿತ್ತು.

ಇನ್ನು ಎಣ್ಣೆ. ಈ ಟಿಪ್ಪಣಿಯ ಹೆಚ್ಚಿನ ಭಾಗ ಇದಕ್ಕೇ ಸಲ್ಲಬೇಕು. ಏಕೆಂದರೆ ಗುಣದೋಷಗಳ ಗೊಂದಲ ಇಲ್ಲಿರುವಷ್ಟು ಬೇರೆಲ್ಲೂ ಇಲ್ಲ. ನಾನು ಗಾಡಿಯನ್ನು ಮೊದಲು ತೋರಿಸಿದ ಮೆಕ್ಯಾನಿಕ್ ನೆಲದ ಮೇಲಿನ ಕಲೆ ನೋಡಿ, “ಬುಲೆಟ್ ಅಂದ್ಮೇಲೆ ಆಯಿಲ್ ಬಿಡ್ಲೇಬೇಕು ಸಾರ್, ಬಿಡ್ಲಿಲ್ಲ ಅಂದ್ರೆ ಒಳಗೆ ಆಯಿಲ್ಲೇ ಇಲ್ಲ ಅಂತ” ಎಂದರು. ಈ ಮಾತನ್ನು ನೀವೂ ಕೇಳಿರುತ್ತೀರಿ. ಇದರಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಇದು ಒಂದೇ ಮಾತಿನಲ್ಲಿ ಮುಚ್ಚಿಬಿಡುತ್ತದೆ.

ಮೊದಲನೆಯದು ಬೆಳಗಿನ ಹೊಗೆ. ಬುಲೆಟ್ಟಿನ ಎಣ್ಣೆ ಇರುವುದು ಕ್ರ್ಯಾಂಕ್‌ಕೇಸಿನ ಎರಕದಲ್ಲೇ ಮಾಡಿದ ಪ್ರತ್ಯೇಕ ಕೋಣೆಯಲ್ಲಿ. ಒಂದು ಪಂಪ್ ಅಲ್ಲಿಂದ ಎಣ್ಣೆಯನ್ನು ಒಯ್ದು ಕೊಡುತ್ತದೆ, ಇನ್ನೊಂದು ಕೆಳಗೆ ಸೇರಿದ್ದನ್ನು ಮರಳಿ ತರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಎಣ್ಣೆ ತನ್ನ ಭಾರಕ್ಕೆ ಪಂಪಿನ ಸಂದಿಯಿಂದ ಜಿನುಗಿ ಫ್ಲೈವೀಲಿನ ಕೋಣೆಗೆ ಇಳಿಯುತ್ತದೆ. ಸ್ಟಾರ್ಟ್ ಮಾಡಿದಾಗ ಅದೆಲ್ಲ ಚಿಮ್ಮಿ ಸ್ವಲ್ಪ ಸುಡುತ್ತದೆ. ಮರಳಿ ತರುವ ಪಂಪಿನ ಸಾಮರ್ಥ್ಯ ದೊಡ್ಡದಾದ ಕಾರಣ ಒಂದೆರಡು ನಿಮಿಷದಲ್ಲಿ ಎಲ್ಲ ತಿಳಿಯಾಗುತ್ತದೆ. ಇದು ಗುಣ. ಇದನ್ನು ತಿಳಿಯದವರು ನಿಂತ ಗಾಡಿಯ ಗೇಜ್ ನೋಡಿ ಎಣ್ಣೆ ಕಡಿಮೆಯಾಗಿದೆ ಎಂದು ಮತ್ತಷ್ಟು ಸುರಿಯುತ್ತಾರೆ. ಆಮೇಲೆ ಹೆಚ್ಚಾದ ಎಣ್ಣೆ ಸಿಕ್ಕ ದಾರಿಯಲ್ಲೆಲ್ಲ ಹೊರಬರುತ್ತದೆ. ಗೇಜ್ ನೋಡಬೇಕಾದ್ದು ಐದು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ.

ಐದು ನಿಮಿಷದ ನಂತರವೂ ಹೊಗೆ ಉಳಿದರೆ ಅದು ಬೇರೆಯೇ ಮಾತು. ಅದನ್ನು ಓದಲು ಘಾಟಿಗಿಂತ ಒಳ್ಳೆಯ ಜಾಗವಿಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ, ಸಿಲಿಂಡರಿನಲ್ಲಿ ನಿರ್ವಾತ ಹೆಚ್ಚು. ಇನ್‌ಲೆಟ್ ವಾಲ್ವಿನ ಗೈಡ್ ಸವೆದಿದ್ದರೆ ಆ ನಿರ್ವಾತ ಎಣ್ಣೆಯನ್ನು ಒಳಗೆಳೆಯುತ್ತದೆ, ತಿರುವು ಮುಗಿದು ಆಕ್ಸಿಲರೇಟರ್ ಕೊಟ್ಟ ಕೂಡಲೇ ಗಪ್ಪೆಂದು ನೀಲಿ ಮೋಡ ಬರುತ್ತದೆ. ಅದೇ ಘಾಟಿಯನ್ನು ಹತ್ತುವಾಗ ಸತತವಾಗಿ ಹೊಗೆ ಬಂದರೆ ಅನುಮಾನ ರಿಂಗ್ ಮತ್ತು ಬೋರಿನ ಮೇಲೆ. ಹಿಂದೆ ಬರುತ್ತಿದ್ದ ಗೆಳೆಯ ಗಮನಿಸಿ ಹೇಳಿದಂತೆ ನನ್ನ ಗಾಡಿ ಹತ್ತುವಾಗ ಶುಭ್ರ, ಇಳಿದು ಥ್ರಾಟಲ್ ತೆರೆದಾಗ ಮಾತ್ರ ಮಸುಕು. ಹಾಗಾಗಿ ಗ್ಯಾರೇಜಿನಲ್ಲಿ ಕೊಟ್ಟ ಬೋರ್ ಮಾಡಿಸುವ ಸಲಹೆಯನ್ನು ಬಿಟ್ಟು ಗೈಡ್ ಬದಲಿಸಿದರೆ ಸಾಕಾಯಿತು.

ಎರಡನೆಯದು ಎಡಬದಿಯ ಪ್ರೈಮರಿ ಚೈನ್ ಕವರಿನ ಸೋರಿಕೆ. ಈ ದೊಡ್ಡ ಮುಚ್ಚಳವನ್ನು ಹಿಡಿದಿರುವುದು ನಡುವಿನ ಒಂದೇ ಒಂದು ನಟ್. ಅಂಚಿನ ಸುತ್ತ ರಬ್ಬರ್ ಸೀಲ್. ಸೋರಿತೆಂದು ನಟ್ ಬಿಗಿದರೆ ತೆಳುವಾದ ಮುಚ್ಚಳದ ನಡು ಒಳಗೆ ಎಳೆದುಕೊಂಡು ಅಂಚು ಹೊರಗೆ ಬಾಗುತ್ತದೆ, ಸೋರಿಕೆ ಹೆಚ್ಚುತ್ತದೆ. ಹೆಚ್ಚಿತೆಂದು ಇನ್ನೂ ಬಿಗಿಯುತ್ತಾರೆ. ನನ್ನ ಗಾಡಿಯ ನಟ್ಟಿನಲ್ಲಿ ಈ ಚರಿತ್ರೆ ಅಚ್ಚಾಗಿತ್ತು. ಆರು ಮೂಲೆಗಳಲ್ಲಿ ಮೂರು ಸವೆದು ದುಂಡಗಾಗಿದ್ದವು, ಒಂದರ ಮೇಲೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದ ಓರೆ ಗೆರೆ. ಮುಚ್ಚಳವನ್ನು ಕಿಟಕಿಯ ಗಾಜಿನ ಹಾಳೆಯ ಮೇಲೆ ಬೋರಲಿಟ್ಟು ನೋಡಿದಾಗ ಮುಂಭಾಗದ ಅಂಚಿನ ಕೆಳಗೆ ಫೀಲರ್ ಗೇಜ್ ಸಲೀಸಾಗಿ ತೂರಿತು. ಗಾಜಿನ ಮೇಲೆ ಸಣ್ಣ ಉಪ್ಪುಕಾಗದ ಹಾಸಿ ಅಂಚನ್ನು ಸಮ ಮಾಡಿ, ಹೊಸ ಸೀಲ್ ಹಾಕಿ, ನಟ್ಟನ್ನು ಹದವಾಗಿ ಬಿಗಿದ ಮೇಲೆ ಆ ಸೋರಿಕೆ ನಿಂತಿದೆ. ಇದು ಎಂದೂ ಗಾಡಿಯ ಗುಣವಾಗಿರಲಿಲ್ಲ.

ಮೂರನೆಯದು ಬ್ರೀದರ್. ಒಂಟಿ ಸಿಲಿಂಡರಿನ ಪಿಸ್ಟನ್ ಕೆಳಗಿಳಿದಾಗಲೆಲ್ಲ ಕೆಳಗಿನ ಕೋಣೆಯಿಂದ 346 ಸಿಸಿಯಷ್ಟು ಗಾಳಿಯನ್ನು ತಳ್ಳುತ್ತದೆ. ಅದು ಹೊರಹೋಗಲು, ಹೋದದ್ದು ಮರಳಿ ಬಾರದಿರಲು ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ವಾಲ್ವ್ ಇದೆ. ಈ ಅಗ್ಗದ ರಬ್ಬರ್ ಗಟ್ಟಿಯಾದರೆ ಅಥವಾ ಅಂಟಿಕೊಂಡರೆ ಒಳಗೆ ಒತ್ತಡ ನಿಂತು ಎಲ್ಲ ಗ್ಯಾಸ್ಕೆಟ್ಟುಗಳಿಂದಲೂ ಎಣ್ಣೆ ಒಸರುತ್ತದೆ. ಗ್ಯಾಸ್ಕೆಟ್ ಬದಲಿಸುತ್ತ ಹೋದವರು ಕಾರಣ ಬಿಟ್ಟು ಪರಿಣಾಮದ ಬೆನ್ನು ಹತ್ತಿರುತ್ತಾರೆ. ಎಂಜಿನ್ ಪೂರ್ತಿ ತೊಳೆದು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ ನೋಡಿದರೆ ಮೊದಲು ಒದ್ದೆಯಾದ ಗೆರೆ ಎಲ್ಲಿಂದ ಹೊರಟಿತೆಂದು ಬಿಳಿಯ ಮೇಲೆ ಎದ್ದು ಕಾಣುತ್ತದೆ. ಗಾಳಿಗೆ ಹರಡಿದ ಹಳೆಯ ಎಣ್ಣೆಯ ಮೇಲೆ ಕಣ್ಣಂದಾಜು ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ನಾಲ್ಕನೆಯದು ಗೇರ್‌ಬಾಕ್ಸ್. ಇಲ್ಲಿ ಮಾತ್ರ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಈ ಗೇರ್‌ಬಾಕ್ಸನ್ನು ಮೂಲತಃ ರೂಪಿಸಿದ್ದು ಗ್ರೀಸಿನಂಥ ಮಂದ ಪದಾರ್ಥಕ್ಕೆ. ಬರೀ ತೆಳು ಎಣ್ಣೆ ಹಾಕಿದರೆ ಕಿಕ್ಕರಿನ ದಂಡದ ಬಳಿ ಅದು ಜಿನುಗಿಯೇ ಜಿನುಗುತ್ತದೆ.

ಶಬ್ದದ ವಿಚಾರದಲ್ಲಿ ತಪ್ಪು ಇನ್ನೊಂದು ಕಡೆಯದು. ಬಲಗಡೆಯ ಟ್ಯಾಪೆಟ್ಟಿನಿಂದ ಬರುವ ಹದವಾದ ಟಿಕ್ ಟಿಕ್ ಕೇಳಿ ಅನೇಕರು ಬಿಗಿ ಮಾಡಿಸುತ್ತಾರೆ, ಗಾಡಿ ಸೈಲೆಂಟಾಯಿತು ಎಂದು ಸಂತೋಷಪಡುತ್ತಾರೆ. ಬುಲೆಟ್ಟಿನ ಟ್ಯಾಪೆಟ್ ಹೊಂದಿಸಬೇಕಾದ್ದು ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಯಲ್ಲಿದ್ದಾಗ. ಮೇಲೆ ಕೆಳಗೆ ಆಟವಿರಬಾರದು, ಆದರೆ ಪುಶ್‌ರಾಡ್ ಎರಡು ಬೆರಳಿಗೆ ಸರಾಗವಾಗಿ ತಿರುಗಬೇಕು. ಬೆರಳಿಗೆ ತಿರುಗದಷ್ಟು ಬಿಗಿದರೆ ವಾಲ್ವ್ ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ಎಗ್ಸಾಸ್ಟ್ ವಾಲ್ವ್ ತನ್ನ ಶಾಖವನ್ನು ಹೆಡ್ಡಿಗೆ ದಾಟಿಸುವುದು ಪೀಠಕ್ಕೆ ತಾಗಿದ ಆ ಕ್ಷಣಗಳಲ್ಲೇ, ಅದು ತಪ್ಪಿದರೆ ಅಂಚು ಸುಡುತ್ತದೆ. ಕೇಳಿಸದಿರುವ ಟ್ಯಾಪೆಟ್ಟಿಗಿಂತ ಕೇಳಿಸುವ ಟ್ಯಾಪೆಟ್ ಕ್ಷೇಮ. ಇದನ್ನು ಹೇಳಿದಾಗ ಒಪ್ಪದ ಮೆಕ್ಯಾನಿಕ್‌ಗಳು ಇದ್ದಾರೆ, ಅವರ ಕಿವಿಯ ಅನುಭವ ನನಗಿಂತ ದೊಡ್ಡದು. ಆದರೂ ಬಿಸಿ ಎಂಜಿನ್ನಿನಲ್ಲಿ ಅವಸರವಾಗಿ ಟ್ಯಾಪೆಟ್ ಕೂರಿಸುವ ಅಭ್ಯಾಸವನ್ನು ನಾನು ಒಪ್ಪಲಾರೆ.

ಪೆಟ್ರೋಲಿನ ವಿಷಯ ಹೊಸದು. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಗಿದೆ. ಮೂವತ್ತು ವರ್ಷ ಹಿಂದಿನ ರಬ್ಬರ್ ಪೈಪು, ಕಾಕಿನ ವಾಷರುಗಳನ್ನು ಅದಕ್ಕೆ ಮಾಡಿದ್ದಲ್ಲ. ಅವು ಮೆತ್ತಗಾಗಿ ಉದುರಿದ ಚೂರು ಕಾರ್ಬುರೇಟರಿನ ಜೆಟ್ಟಿಗೆ ಸೇರುತ್ತದೆ. ಎಥನಾಲ್ ನೀರನ್ನು ಹೀರುವ ಕಾರಣ, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ. ರಬ್ಬರ್ ಬದಲಿಸಿ, ಓಡಿಸುತ್ತಲೇ ಇರಬೇಕು.

ಬ್ರೇಕಿನ ಬಗ್ಗೆ ಹಳೆಯ ಡ್ರಮ್ ಎಂದಮೇಲೆ ಅಷ್ಟೇ ಎಂಬ ಮಾತಿದೆ. ಮುಂದಿನ ಚಕ್ರದಲ್ಲಿ ಎರಡು ಕ್ಯಾಮಿನ ಡ್ರಮ್ ಇರುವ ಗಾಡಿಗಳಲ್ಲಿ ಆ ಎರಡನ್ನೂ ಜೋಡಿಸುವ ಒಂದು ಕಡ್ಡಿ ಇರುತ್ತದೆ. ಅದರ ಉದ್ದ ತಪ್ಪಿದ್ದರೆ ಒಂದೇ ಶೂ ಡ್ರಮ್ಮಿಗೆ ತಾಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ನನ್ನ ಗಾಡಿಯ ಡ್ರಮ್ ಬಿಚ್ಚಿದಾಗ ಒಂದು ಶೂ ಮಿರಮಿರನೆ ಹೊಳೆಯುತ್ತಿತ್ತು, ಇನ್ನೊಂದರ ಮೇಲೆ ಅಚ್ಚಿನ ಅಕ್ಷರಗಳು ಇನ್ನೂ ಇದ್ದವು. ಕಡ್ಡಿ ಬಿಚ್ಚಿ, ಎರಡೂ ಕ್ಯಾಮುಗಳನ್ನು ಬೇರೆ ಬೇರೆಯಾಗಿ ಶೂ ತಾಗುವವರೆಗೆ ತಿರುಗಿಸಿ, ಆ ಸ್ಥಿತಿಗೆ ಕಡ್ಡಿಯ ಉದ್ದ ಹೊಂದಿಸಬೇಕು. ಡಿಸ್ಕಿನ ಬಲ ಇದಕ್ಕೆ ಬಾರದು, ಉದ್ದ ಇಳಿಜಾರಿನಲ್ಲಿ ಕಾದಾಗ ಹಿಡಿತ ಸಡಿಲವಾಗುವುದೂ ನಿಜ, ಅದು ಗುಣ. ಅದಕ್ಕೇ ಘಾಟಿಯನ್ನು ಎರಡನೇ ಗೇರಿನಲ್ಲಿ ಎಂಜಿನ್ನಿನ ಹಿಡಿತಕ್ಕೆ ಬಿಟ್ಟು ಇಳಿಯಬೇಕು. ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್ ಎಂಬುದು ರೂಢಿಯಾಗುವವರೆಗೆ ಊರೊಳಗೇ ಓಡಿಸುವುದು ಕ್ಷೇಮ. ಗಾಬರಿಯಲ್ಲಿ ಕಾಲು ಹಳೆಯ ಅಭ್ಯಾಸಕ್ಕೆ ಹೋಗುತ್ತದೆ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಹುಡುಕುವ ಕಷ್ಟಕ್ಕೆ ಹಿಮ್ಮಡಿಯಿಂದ ಒತ್ತುವ ಚಿಕ್ಕ ಲಿವರನ್ನು ವಿನ್ಯಾಸಕಾರರೇ ಕೊಟ್ಟಿದ್ದಾರೆ. ಮೊದಲನೆಯದನ್ನು ಬಿಟ್ಟು ಉಳಿದ ಯಾವ ಗೇರಿನಿಂದಲೂ ಅದು ನೇರ ನ್ಯೂಟ್ರಲ್‌ಗೆ ತರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದನ್ನು ಬಿಚ್ಚಿ ಎಸೆದಿರುವುದು ಬೇಸರದ ಸಂಗತಿ.

ತೀರ್ಮಾನಕ್ಕೆ ಬಾರದೆ ಉಳಿದಿರುವುದು ಬಿಗ್ ಎಂಡ್. ಅದಕ್ಕೆ ಎಣ್ಣೆ ಹೋಗುವುದು ಟೈಮಿಂಗ್ ಕವರಿನಿಂದ ಕ್ರ್ಯಾಂಕಿನ ತುದಿಗೆ, ನಡುವೆ ಒಂದು ಚಿಕ್ಕ ಸೀಲಿನ ಮೂಲಕ. ಕವರ್ ಬಿಚ್ಚಿ ಮತ್ತೆ ಹಾಕುವಾಗ ಹಳೆಯ ಸೀಲನ್ನೇ ಉಳಿಸಿದರೆ ಎಣ್ಣೆ ಅಲ್ಲೇ ಪಕ್ಕಕ್ಕೆ ಸೋರಿ ಬುಷ್ ಒಣಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ನನ್ನ ಗಾಡಿಯ ಟೈಮಿಂಗ್ ಕವರಿನ ಸ್ಕ್ರೂಗಳ ತಲೆಗಳು ಕಿತ್ತುಹೋಗಿದ್ದವು. ಯಾರೋ ಒಳಗೆ ಹೋಗಿ ಬಂದಿದ್ದಾರೆ. ಸೀಲ್ ಬದಲಿಸಿದ್ದಾಗಿದೆ. ಎಂಜಿನ್ ಐಡಲಿನಲ್ಲಿರುವಾಗ ರಾಕರಿಗೆ ಹೋಗುವ ಪೈಪಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿದರೆ ಎಣ್ಣೆ ಜಿನುಗುತ್ತದೆ. ಮೇಲಿನ ಭಾಗಕ್ಕೆ ಹರಿವು ಇದೆಯೆಂಬುದು ಇದರಿಂದ ಖಚಿತ, ಕೆಳಗಿನ ಬುಷ್ ಎಷ್ಟು ಸವೆದಿದೆ ಎಂಬುದಕ್ಕೆ ಮಾತ್ರ ಇದು ಸಾಕ್ಷಿಯಾಗದು. ಮೊದಲ ಎಣ್ಣೆ ಬದಲಾವಣೆಯಲ್ಲಿ ಫೆಲ್ಟ್ ಫಿಲ್ಟರನ್ನು ಕತ್ತರಿಸಿ ಬಿಡಿಸಿದಾಗ ಮಡಿಕೆಗಳಲ್ಲಿ ಬೂದುಬಣ್ಣದ ನುಣುಪು ಹುಡಿ ಸಿಕ್ಕಿತು. ಅಯಸ್ಕಾಂತಕ್ಕೆ ಅದು ಹತ್ತಲಿಲ್ಲ, ಅಂದರೆ ಉಕ್ಕಿನದಲ್ಲ. ಬುಷ್ಷಿನದಿರಬಹುದು, ಹಿಂದಿನ ಪಿಸ್ಟನ್ನಿನ ಉಳಿಕೆಯೂ ಇರಬಹುದು. ಆ ಹುಡಿಯನ್ನು ದಿನಾಂಕ ಮತ್ತು ಓಡೋಮೀಟರ್ ಅಂಕಿಯೊಡನೆ ಚೀಟಿ ಅಂಟಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ಮುಂದಿನ 2000 ಕಿ.ಮೀ. ಬಳಿಕ ಎರಡನೆಯ ಫಿಲ್ಟರಿನ ಹುಡಿಯನ್ನು ಇದರ ಪಕ್ಕಕ್ಕಿಟ್ಟು ತೂಗಬೇಕು. ಪ್ರಮಾಣ ಇಳಿದಿದ್ದರೆ ಅದು ಹಳೆಯ ಉಳಿಕೆ. ಅಷ್ಟೇ ಇದ್ದರೆ, ಮುಂದಿನ ದೂರ ಪ್ರಯಾಣಕ್ಕೆ ಮೊದಲು ಕ್ರ್ಯಾಂಕ್ ಬಿಚ್ಚಿಸಲೇಬೇಕು.